ಬೀದರಿನ ಮಹಾಮಂತ್ರಿ ಮಹಮೂದ್ ಗವಾನ್

ಜಹೀರಾಬಾದ್, ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವೆಂಬುದನ್ನು ನಮ್ಮ ಹಿರಿಯರು ಬಲ್ಲರು. ಆಡಳಿತದ ಗೆರೆಗಳು ಬದಲಾದರೂ ಬೀದರಿನ ಇತಿಹಾಸ ನಮಗೆ ಪರಕೀಯವಲ್ಲ. ಬಲಾಢ್ಯ ರಾಜ್ಯಗಳು ಏಕೆ ಕುಸಿಯುತ್ತವೆ, ಅವುಗಳ ಭದ್ರತೆಯಿರುವುದು ಗಡಿಯಲ್ಲಿಯೋ ಮನೆಯೊಳಗೋ ಎಂಬ ಚರ್ಚೆ ಇಂದಿಗೂ ಜಗತ್ತಿನ ರಾಜಧಾನಿಗಳಲ್ಲಿ ನಡೆದಿದೆ. ಐದು ಶತಮಾನಗಳ ಹಿಂದೆ ನಮ್ಮ ನೆರೆಯಲ್ಲಿಯೇ ಈ ಪ್ರಶ್ನೆಗೆ ಉತ್ತರವನ್ನರಸಿ ಪ್ರಾಣ ತೆತ್ತ ಮಂತ್ರಿಯೊಬ್ಬನ ಜೀವನವನ್ನು ವಿದ್ಯಾರ್ಥಿಗಳು ಅರಿಯಬೇಕು.

ಮಹಮೂದ್ ಗವಾನನ ಜನ್ಮಭೂಮಿ ಪರ್ಷಿಯಾದ ಗೀಲಾನ್ ಪ್ರಾಂತ. ಸ್ವದೇಶವನ್ನು ತೊರೆದು ವ್ಯಾಪಾರಿಯಾಗಿ ದೇಶ ಸುತ್ತುತ್ತ 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದಾಗ ಅವನಿಗೆ ನಲವತ್ತು ದಾಟಿತ್ತು. ಬೀದರಿಗೆ ಬಂದ ಈ ವಿದ್ವಾಂಸ ವರ್ತಕನನ್ನು ಸುಲ್ತಾನ ಅಲ್ಲಾವುದ್ದೀನ್ ಅಹಮದ್ ಷಹನು ಆಸ್ಥಾನದಲ್ಲಿ ಉಳಿಸಿಕೊಂಡನು. ನಲಗೊಂಡೆಯ ದಂಗೆಯನ್ನು ಅಡಗಿಸಿದ ಬಳಿಕ ಅವನ ಏಳಿಗೆ ತ್ವರಿತವಾಯಿತು.

1461ರಲ್ಲಿ ಹುಮಾಯೂನ್ ಷಹನು ತೀರಿಕೊಂಡಾಗ ಬಹಮನಿ ಸಿಂಹಾಸನದ ಮೇಲೆ ಕುಳಿತವನು ಬಾಲಕ ನಿಜಾಮ್ ಷಹ. ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್ ಈ ಮೂವರು ರಾಜ್ಯಭಾರವನ್ನು ಹೊತ್ತರು. ನೆರೆಯವರು ಇದೇ ಸಮಯವೆಂದು ಎದ್ದರು. ಒರಿಸ್ಸಾದ ಗಜಪತಿಯ ಸೈನ್ಯ ತೆಲಂಗಾಣವನ್ನು ದಾಟಿ ಬೀದರಿನ ಸಮೀಪಕ್ಕೆ ಬಂದು ಹಿಂದಿರುಗಿತು. ಅದರ ಬೆನ್ನಿಗೇ ಮಾಳವದ ಮಹಮೂದ್ ಖಿಲ್ಜಿ ನುಗ್ಗಿ ಬಂದು ಬೀದರ ನಗರವನ್ನು ಹಿಡಿದು ಕೋಟೆಗೆ ಮುತ್ತಿಗೆ ಹಾಕಿದನು. ರಾಜಪರಿವಾರ ಭೀಮಾತೀರದ ಫಿರೋಜಾಬಾದಿಗೆ ತೆರಳಬೇಕಾಯಿತು. ಸ್ವಂತ ಬಲವೊಂದರಿಂದಲೇ ರಾಜ್ಯ ಉಳಿಯದೆಂಬುದನ್ನು ಗವಾನ್ ಆಗ ಕಂಡುಕೊಂಡನು. ಮಾಳವದ ಬೆನ್ನ ಹಿಂದಿದ್ದ ಗುಜರಾತಿನ ಸುಲ್ತಾನ ಮಹಮೂದ್ ಬೇಗಡನ ನೆರವನ್ನು ಅವನು ಬೇಡಿದನು. ಗುಜರಾತಿನ ಸೈನ್ಯ ಗಡಿಗೆ ಬಂದೊಡನೆ ಖಿಲ್ಜಿ ಮುತ್ತಿಗೆಯನ್ನು ತೆಗೆದು ಗೊಂಡವನದ ಕಾಡುಗಳ ಮೂಲಕ ಹಿಮ್ಮೆಟ್ಟಿದನು. ಶತ್ರುವಿನ ನೆರೆಯವನನ್ನು ಮಿತ್ರನನ್ನಾಗಿಸುವ ಈ ನೀತಿ ಕೌಟಿಲ್ಯನ ನಾಡಿಗೆ ಹೊಸದಲ್ಲ. ಅದನ್ನು ಸಕಾಲದಲ್ಲಿ ಪ್ರಯೋಗಿಸಿದ್ದು ಗವಾನನ ಹಿರಿಮೆ.

ಮೂರನೆಯ ಮುಹಮ್ಮದ್ ಷಹನ ಕಾಲದಲ್ಲಿ ಅವನು ಪ್ರಧಾನಮಂತ್ರಿಯಾದನು. ಕೊಂಕಣದ ದಂಡಯಾತ್ರೆಯ ಕೊನೆಯಲ್ಲಿ, 1472ರಲ್ಲಿ, ವಿಜಯನಗರದ ಕೈಯಲ್ಲಿದ್ದ ಗೋವೆಯನ್ನು ಗೆದ್ದನು. ಕಡಲಾಚೆಯಿಂದ ಕುದುರೆಗಳು ಬಂದಿಳಿಯುತ್ತಿದ್ದ ಬಂದರಿನ ಬೆಲೆ ಈ ಹಳೆಯ ವರ್ತಕನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅದೇ ದಶಕದಲ್ಲಿ ಬೀದರಿನಲ್ಲಿ ಅವನ ಮದರಸಾ ಎದ್ದು ನಿಂತಿತು. 1695ರ ಸುಮಾರಿನ ಸ್ಫೋಟದಲ್ಲಿ ಅರ್ಧ ಕುಸಿದರೂ ಉಳಿದ ಮಿನಾರು ಮತ್ತು ಬಣ್ಣದ ಹೆಂಚಿನ ಗೋಡೆ ಇಂದಿಗೂ ನೋಡುವವರನ್ನು ತಡೆದು ನಿಲ್ಲಿಸುತ್ತವೆ.

ಗೆಲುವುಗಳಿಂದ ರಾಜ್ಯ ಹಿಗ್ಗಿತಾದರೂ ಆಡಳಿತ ಹಳೆಯ ನಾಲ್ಕು ತರಫುಗಳಲ್ಲಿಯೇ ನಡೆದಿತ್ತು. ಒಬ್ಬೊಬ್ಬ ತರಫುದಾರನೂ ಅರಸನಿಗೆ ಸರಿಸಮನಾಗಿ ಬೆಳೆದಿದ್ದನು. ಗವಾನ್ ನಾಲ್ಕನ್ನು ಎಂಟು ಮಾಡಿದನು. ಪ್ರತಿ ತರಫುದಾರನಿಗೂ ಒಂದೇ ಕೋಟೆಯನ್ನು ಉಳಿಸಿ ಮಿಕ್ಕವುಗಳಿಗೆ ನೇರವಾಗಿ ಬೀದರಿನಿಂದ ಕಿಲ್ಲೇದಾರರನ್ನು ನೇಮಿಸಿದನು. ಸೈನಿಕರ ಲೆಕ್ಕ ಕಟ್ಟುನಿಟ್ಟಾಯಿತು. ಸಂಖ್ಯೆ ಕಡಿಮೆಯಾದರೆ ಹಣವೂ ಕಡಿತವಾಗುತ್ತಿತ್ತು. ದಖ್ಖನಿಗಳು ಮತ್ತು ಪರದೇಶಿಗಳೆಂಬ ಎರಡು ಬಣಗಳ ವೈಷಮ್ಯವನ್ನು ತಣಿಸಲು ಇಬ್ಬರಿಗೂ ಅಧಿಕಾರ ಹಂಚಿದನು. ದೌಲತಾಬಾದು ಯೂಸುಫ್ ಆದಿಲ್ ಖಾನನಿಗೆ, ರಾಜಮಹೇಂದ್ರಿ ದಖ್ಖನಿಗಳ ನಾಯಕ ಮಲಿಕ್ ಹಸನನಿಗೆ ಸಂದವು. ಬೇರಾರಿನ ಗಾವಿಲ್ ಪಡೆದ ಫತೇವುಲ್ಲಾ ಇಮಾದ್-ಉಲ್-ಮುಲ್ಕನು ಹುಟ್ಟಿನಿಂದ ಕನ್ನಡಿಗನೆಂದು ಇತಿಹಾಸಕಾರ ಫಿರಿಶ್ತಾ ಹೇಳಿದ್ದಾನೆ.

ಆದರೆ ಕೋಟೆಗಳನ್ನು ಕಳೆದುಕೊಂಡವರು ಸುಮ್ಮನಿರಲಿಲ್ಲ. ಗವಾನನ ಮುದ್ರಾಧಿಕಾರಿಗೆ ಮದ್ಯ ಕುಡಿಸಿ ಬರಿಯ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು; ಗಜಪತಿಯನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಕಂಚಿಯವರೆಗೆ ಲೂಟಿ ಮಾಡಿ ಮರಳಿ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದ ಸುಲ್ತಾನನು ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ಎಪ್ಪತ್ತರ ಈ ವೃದ್ಧನ ಶಿರಚ್ಛೇದ ಮಾಡಿಸಿದನು. ಅವನ ಭಂಡಾರವನ್ನು ಶೋಧಿಸಿದಾಗ ಅಪಾರ ಐಶ್ವರ್ಯ ಸಿಗಲಿಲ್ಲ. ಜಹಗೀರಿನ ಆದಾಯವೆಲ್ಲ ಸೈನ್ಯಕ್ಕೂ ಬಡವರಿಗೂ ಸಂದಿತ್ತು. ಅವನ ಊಟ ವ್ಯಾಪಾರದ ಮೂಲಧನದಿಂದ ನಡೆದಿತ್ತು.

ಗವಾನನ ಸುಧಾರಣೆಗಳೇ ರಾಜ್ಯವನ್ನೊಡೆದವೆಂದು ವಾದಿಸುವವರುಂಟು. ನನಗೆ ಅದು ಸರಿಯೆನಿಸುವುದಿಲ್ಲ. ಬಣಗಳ ಕಲಹ ಅವನು ದಾಭೋಳದಲ್ಲಿ ಇಳಿಯುವುದಕ್ಕೆ ಮೊದಲೇ ರಕ್ತ ಹರಿಸಿತ್ತು. ಅವನ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಬೇರೆ: ಅದೆಲ್ಲವೂ ದೊರೆಯೊಬ್ಬನ ನಂಬಿಕೆಯ ಮೇಲೆ ನಿಂತಿತ್ತು, ಆ ದೊರೆಗೋ ಮನೆಯ ಬಿರುಕಿಗಿಂತ ದೂರದ ಕಂಚಿಯ ಮೇಲೆ ಕಣ್ಣು.

ಮಂತ್ರಿಯ ವಧೆಯಾದೊಡನೆ ಯೂಸುಫ್ ಆದಿಲ್ ಖಾನ್ ಮತ್ತು ಇಮಾದ್-ಉಲ್-ಮುಲ್ಕರು ಸುಲ್ತಾನನ ಬಿಡಾರದಿಂದ ದೂರವೇ ಡೇರೆ ಹಾಕಿದರು. ಮರುವರ್ಷ ಸುಲ್ತಾನನು ಪಶ್ಚಾತ್ತಾಪ, ಮದ್ಯಪಾನಗಳಲ್ಲಿ ಕೊರಗಿ ಸತ್ತನು. ಮಲಿಕ್ ಹಸನನು ಕೆಲಕಾಲ ಮೆರೆದು 1486ರಲ್ಲಿ ಬೀದರಿನಲ್ಲಿಯೇ ಕೊಲೆಯಾದನು. 1490ರ ಹೊತ್ತಿಗೆ ಬಿಜಾಪುರ, ಅಹಮದನಗರ, ಬೇರಾರುಗಳು ಸ್ವತಂತ್ರವಾದವು. ಬೀದರಿನ ಗದ್ದುಗೆಯ ಮೇಲೆ ಬಹಮನಿ ಸುಲ್ತಾನನೇ ಇದ್ದನು, ಅಧಿಕಾರ ಮಾತ್ರ ಕಾಸಿಮ್ ಬರೀದನದಾಗಿತ್ತು.