19 ಮೇಳಗಳ ಕಾಲದಲ್ಲಿ 72 ಎಣಿಸಿದ ವೆಂಕಟಮಖಿ

ಕರ್ನಾಟಕ ಸಂಗೀತದ 72 ಮೇಳಗಳ ಲೆಕ್ಕಕ್ಕೆ ತಳಹದಿ ಹಾಕಿದವರು ತಂಜಾವೂರಿನಲ್ಲಿ ನೆಲೆಸಿದ್ದ ಕನ್ನಡ ಮನೆತನದ ವಿದ್ವಾಂಸ ವೆಂಕಟಮಖಿ.

ತಂದೆ ಗೋವಿಂದ ದೀಕ್ಷಿತರು ಹೊಯ್ಸಳ ಕರ್ನಾಟಕ ಬ್ರಾಹ್ಮಣರು. ತಂಜಾವೂರಿನ ನಾಯಕ ಅರಸರಾದ ಅಚ್ಯುತಪ್ಪ ಮತ್ತು ರಘುನಾಥರ ಮಂತ್ರಿ. ತಾಯಿ ನಾಗಮಾಂಬೆ. ಅಣ್ಣ ಯಜ್ಞನಾರಾಯಣ ದೀಕ್ಷಿತರೂ ಕವಿ. ವೆಂಕಟೇಶ್ವರ ದೀಕ್ಷಿತ ಎಂಬುದು ಇವರ ಹೆಸರು. ಯಜ್ಞ ಮಾಡಿದವರೆಂಬ ಅರ್ಥದಲ್ಲಿ ಮಖಿ ಸೇರಿಕೊಂಡಿತು. ಮೀಮಾಂಸೆಯಲ್ಲಿ ಪಂಡಿತರಾಗಿದ್ದ ಇವರಿಗೆ ಸಂಗೀತದಲ್ಲಿ ತಾನಪ್ಪಾಚಾರ್ಯರು ಗುರುಗಳು.

17ನೇ ಶತಮಾನದ ಮಧ್ಯಭಾಗದಲ್ಲಿ, ವಿಜಯರಾಘವ ನಾಯಕನ ಆಶ್ರಯದಲ್ಲಿ, ಅವರು ಸಂಸ್ಕೃತದಲ್ಲಿ 'ಚತುರ್ದಂಡಿ ಪ್ರಕಾಶಿಕೆ'ಯನ್ನು ರಚಿಸಿದರು. ವಿಜಯನಗರದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ'ಯಲ್ಲಿ 20 ಮೇಳಗಳನ್ನು ಹೇಳಿದ್ದ. ವೆಂಕಟಮಖಿ ಆತನನ್ನು ಕಟುವಾಗಿ ಖಂಡಿಸಿ, ಬಳಕೆಯ ಬದಲು ಸಾಧ್ಯತೆಯನ್ನೇ ಎಣಿಸಿದರು.

ಲೆಕ್ಕ ಸರಳ. ವೀಣೆಯ ಮೆಟ್ಟಿಲುಗಳಂತೆ ಒಂದು ಸ್ಥಾಯಿಯಲ್ಲಿ 12 ಸ್ವರಸ್ಥಾನಗಳು. ಷಡ್ಜ, ಪಂಚಮ ಅಚಲ. ಷಡ್ಜ ಮತ್ತು ಶುದ್ಧ ಮಧ್ಯಮದ ನಡುವಿನ 4 ಸ್ಥಾನಗಳಲ್ಲಿ ರಿಷಭ, ಗಾಂಧಾರಗಳಿಗೆ ಎರಡನ್ನು ಆರಿಸಲು 6 ದಾರಿ. ಪಂಚಮದ ಮೇಲೆ ಧೈವತ, ನಿಷಾದಗಳಿಗೂ 6. ಒಟ್ಟು 36. ಮಧ್ಯಮ ಎರಡು ಬಗೆಯಾದ್ದರಿಂದ 72. ಸ್ವರದಿಂದ ಸ್ವರಕ್ಕಿರುವ ಅಂತರವೇ ಮೇಳದ ಗುರುತು. ಶಂಕರಾಭರಣದಲ್ಲಿ ಎರಡು ದೊಡ್ಡ ಹೆಜ್ಜೆ, ಒಂದು ಚಿಕ್ಕದು, ಮತ್ತೆ ಮೂರು ದೊಡ್ಡದು, ಒಂದು ಚಿಕ್ಕದು. ಮಾಯಾಮಾಳವಗೌಳದಲ್ಲಾದರೋ ರಿಷಭದಿಂದ ಗಾಂಧಾರಕ್ಕೆ ಮೂರು ಸ್ಥಾನಗಳ ಜಿಗಿತ.

ಈ 72ರಲ್ಲಿ ಒಂದನ್ನು ಕೂಡಿಸುವುದೂ ಕಳೆಯುವುದೂ ಶಿವನಿಂದಲೂ ಆಗದೆಂಬುದು ಅವರ ಸವಾಲು. ಆದರೆ ಆಗ ಹಾಡಿಕೆಯಲ್ಲಿದ್ದವು 19 ಮೇಳಗಳು ಮಾತ್ರ. ಉಳಿದವು ವ್ಯರ್ಥವಲ್ಲವೇ ಎಂಬ ಆಕ್ಷೇಪವನ್ನು ಅವರೇ ಎತ್ತಿದರು. ನಾನಾ ದೇಶಗಳ ರಾಗಗಳಿಗೂ ಮುಂದೆ ಹುಟ್ಟಲಿರುವ ರಾಗಗಳಿಗೂ ಜಾಗ ಬೇಕೆಂಬುದು ಅವರ ಸಮಾಧಾನ.

ಆಕ್ಷೇಪ ಅಲ್ಲಿಗೇ ಮುಗಿಯಲಿಲ್ಲ. 72ರಲ್ಲಿ 40 ವಿವಾದಿ ಮೇಳಗಳು; ಅವುಗಳ ಸ್ವರಗಳು ಒತ್ತಾಗಿರುವುದರಿಂದ ಅನೇಕ ಗಾಯಕರು ದೂರವಿಟ್ಟರು. ಗಮಕ, ಸಂಚಾರಗಳಿಲ್ಲದೆ ಬರಿಯ ಲೆಕ್ಕದಿಂದ ರಾಗ ಹುಟ್ಟದೆಂಬ ಮಾತೂ ಸುಳ್ಳಲ್ಲ.

ಆದರೂ ಖಾಲಿ ಮನೆಗಳು ತುಂಬಿದವು. 19ನೇ ಶತಮಾನದಲ್ಲಿ ಮಹಾ ವೈದ್ಯನಾಥ ಅಯ್ಯರ್ ಎಲ್ಲ 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದರು. ಬಾಲಮುರಳಿಕೃಷ್ಣ ಪ್ರತಿಯೊಂದರಲ್ಲೂ ಕೃತಿ ರಚಿಸಿದರು. ಉತ್ತರದ ಭಾತಖಂಡೆಯವರು 10 ಥಾಟ್‌ಗಳನ್ನು ವಿಂಗಡಿಸುವಾಗಲೂ ಈ ಗ್ರಂಥ ಅವರ ಕಣ್ಣಮುಂದಿತ್ತು.

ಮದ್ರಾಸ್ ಮ್ಯೂಸಿಕ್ ಅಕಾಡೆಮಿ 1934ರಲ್ಲಿ 'ಚತುರ್ದಂಡಿ ಪ್ರಕಾಶಿಕೆ'ಯನ್ನು ಮುದ್ರಿಸಿತು. ಗ್ರಂಥದ ಕೊನೆಯ ತಾಳ ಪ್ರಕರಣ ದೊರೆತಿಲ್ಲ. ಮೇಳ ಪ್ರಕರಣ ಉಳಿದದ್ದು ಸಂಗೀತದ ಭಾಗ್ಯ.