ವಿಶ್ವೇಶ್ವರಯ್ಯ ಕಟ್ಟಿದ್ದು ಅಣೆಕಟ್ಟನ್ನಷ್ಟೇ ಅಲ್ಲ, ವೇಳಾಪಟ್ಟಿಯನ್ನೂ

ಸರ್ ಎಂ. ವಿಶ್ವೇಶ್ವರಯ್ಯ ಅಂದ ಕೂಡಲೇ ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ, ಸೆಪ್ಟೆಂಬರ್ 15ರ ಹಾರ ತುರಾಯಿ ನೆನಪಾಗುತ್ತವೆ. ಆದರೆ ಅವರು ಜೀವನವಿಡೀ ತಲೆ ಕೆಡಿಸಿಕೊಂಡಿದ್ದು ಗಾರೆ ಕಲ್ಲಿಗಿಂತ ಹೆಚ್ಚಾಗಿ ಒಂದು ಪ್ರಶ್ನೆಗೆ. ಇರೋದು ಇಷ್ಟೇ, ಬೇಕಾದವರು ಬಹಳ ಜನ. ಯಾರಿಗೆ, ಯಾವಾಗ, ಎಷ್ಟು ಕೊಡೋದು? ನಂಜನಗೂಡಿನಿಂದ ಪೀಣ್ಯದವರೆಗೆ ಕಾರ್ಖಾನೆಗಳಿಗೆ ಪ್ರೊಡಕ್ಷನ್ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಮಾರುವವರು ಇವತ್ತು ಉತ್ತರ ಹುಡುಕುತ್ತಿರುವುದೂ ಇದೇ ಪ್ರಶ್ನೆಗೆ.

1861ರಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಪಾಠ ಹೇಳಿಕೊಟ್ಟು ಬಂದ ದುಡ್ಡಿನಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, 1884ರಲ್ಲಿ ಬೊಂಬಾಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಅಲ್ಲಿ ಅವರ ಮುಂದೆ ಬಂದ ದೊಡ್ಡ ಸಮಸ್ಯೆ ಕಾಲುವೆ ನೀರಿನದು. ಕಾಲುವೆಯ ತಲೆಭಾಗದವರಿಗೆ ಬೇಕಾದಷ್ಟು ನೀರು, ಕೊನೆಯವರಿಗೆ ಬರೀ ಆಸೆ. ನೀರು ಹೆಚ್ಚಾದ ಕಡೆ ಭೂಮಿ ಜೌಗು. ಇದು ನಮ್ಮ ಕಬಿನಿ ನಾಲೆಯ ರೈತರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. 1900ರ ಆಸುಪಾಸಿನಲ್ಲಿ ಪುಣೆ ಸೀಮೆಯ ಕಾಲುವೆಗಳಿಗೆ ವಿಶ್ವೇಶ್ವರಯ್ಯ ರೂಪಿಸಿದ್ದು ಬ್ಲಾಕ್ ಪದ್ಧತಿ. ಜಮೀನುಗಳನ್ನು ಬ್ಲಾಕುಗಳಾಗಿ ಗುಂಪು ಮಾಡಿ, ಹೆಚ್ಚು ನೀರು ಕುಡಿಯುವ ಕಬ್ಬು ಸರದಿಯಂತೆ ಬೇರೆ ಬೇರೆ ತುಂಡುಗಳಿಗೆ ಹೋಗುವಂತೆ, ಉಳಿದ ಕಡೆ ಕಡಿಮೆ ನೀರಿನ ಬೆಳೆ ಬರುವಂತೆ ಮಾಡುವುದು. ಮೊದಮೊದಲು ವಿರೋಧ ಬಂತು. ಆದರೆ ಅಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ತಲುಪತೊಡಗಿತು. ಮುಂದೆ ಮಂಡ್ಯದ ಇರ್ವಿನ್ ನಾಲೆಗೂ (ಈಗಿನ ವಿಶ್ವೇಶ್ವರಯ್ಯ ನಾಲೆ) ಇದೇ ಲೆಕ್ಕಾಚಾರ ಬಂತು. ಭತ್ತ, ಕಬ್ಬು, ಅರೆಖುಷ್ಕಿ ಬೆಳೆಗಳ ಸರದಿ.

ಪೇಂಟ್ ಕಾರ್ಖಾನೆಯನ್ನು ನೋಡಿ. ಕಪ್ಪು ಬಣ್ಣ ಮಾಡಿದ ಟ್ಯಾಂಕಿನಲ್ಲಿ ಬಿಳಿ ಮಾಡಬೇಕಾದರೆ ಗಂಟೆಗಟ್ಟಲೆ ತೊಳೀಬೇಕು. ಅದಕ್ಕೇ ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಸರದಿ ಹಾಕುತ್ತಾರೆ. ಸಾಫ್ಟ್‌ವೇರ್ ಇದನ್ನೇ ನೂರಾರು ಆರ್ಡರ್, ಹತ್ತಾರು ಮೆಷಿನ್‌ಗಳಿಗೆ ಮಾಡುತ್ತೆ. ಒಂದು ಮೆಷಿನ್ ಕೆಟ್ಟರೆ ಉಳಿದವುಗಳ ಸರದಿಯನ್ನು ಹೊಸದಾಗಿ ಹೆಣೆಯುತ್ತೆ. ಬ್ಲಾಕ್ ಪದ್ಧತಿಯ ತರ್ಕವೂ ಇದೇ, ಕಂಪ್ಯೂಟರ್ ಇರಲಿಲ್ಲ ಅಷ್ಟೇ.

1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಇನ್ನೊಂದು ಹೆಜ್ಜೆ. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತೆ, ಇಳಿದರೆ ತಾನೇ ಮುಚ್ಚುತ್ತೆ. ಯೋಜನೆ ಅಂದರೆ ಕಲ್ಲಿನ ಮೇಲೆ ಕೆತ್ತಿದ ಶಾಸನ ಅಲ್ಲ, ಪರಿಸ್ಥಿತಿ ನೋಡಿ ಬಾಗಬೇಕು ಅನ್ನೋದು ಇದರ ಪಾಠ.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದ ಮೇಲೆ ಆ ಪಾಠ ದೊಡ್ಡ ಮಟ್ಟದಲ್ಲಿ ಬಳಕೆಗೆ ಬಂತು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. ಮದ್ರಾಸು ಸರ್ಕಾರ ಒಪ್ಪಿದ್ದು 80 ಅಡಿ ಎತ್ತರಕ್ಕೆ. ತಳಪಾಯ ಹಾಕಿದ್ದು ಮಾತ್ರ 124 ಅಡಿಯ ಕಟ್ಟೆಗೆ. ನಾಳೆ ದಾರಿ ತೆರೆದರೆ ಇವತ್ತಿನ ಕೆಲಸ ಒಡೆಯೋದು ಬೇಡ ಅನ್ನುವ ಎಚ್ಚರಿಕೆ ಅದು. ಕೋಲಾರದ ಚಿನ್ನದ ಗಣಿಗೆ 1915ರ ಮಧ್ಯಭಾಗಕ್ಕೆ ಹೆಚ್ಚುವರಿ ವಿದ್ಯುತ್ ಕೊಡುವ ಒಪ್ಪಂದವಿತ್ತು. ಹಾಗಾಗಿ ಮಳೆಗಾಲಕ್ಕೆ ಮುನ್ನ ಕಟ್ಟೆ ಒಂದು ಎತ್ತರಕ್ಕೆ ಬರಲೇಬೇಕಿತ್ತು. ಸಾವಿರಾರು ಕೂಲಿಕಾರರ ದುಡಿಮೆಯಿಂದ ಆ ಗಡುವು ಮುಟ್ಟಿತು. ಆ ಕಟ್ಟೆಯ ನೀರಿನಡಿ ಹಳೆಯ ಕನ್ನಂಬಾಡಿ ಊರೂ ಮುಳುಗಿತು.

1912ರಿಂದ 1918ರವರೆಗೆ ದಿವಾನಗಿರಿ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದವು. ಆದರೆ ಇಲ್ಲೇ ಅವರ ಲೆಕ್ಕದ ಮಿತಿಯೂ ಕಂಡಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯತ್ತ ಹೆಜ್ಜೆ ಇಟ್ಟಾಗ, ಅರ್ಹತೆ ಕುಸಿಯುತ್ತದೆಂಬ ಆತಂಕದಿಂದ ವಿಶ್ವೇಶ್ವರಯ್ಯ ಒಪ್ಪಲಿಲ್ಲ, ಹುದ್ದೆ ಬಿಟ್ಟರು. ಕಾಲುವೆಯ ಕೊನೆಯ ರೈತನಿಗೆ ಸರದಿ ಬೇಕೆಂದು ಕಂಡ ಅದೇ ಕಣ್ಣಿಗೆ, ಶಾಲೆ ಕಚೇರಿಗಳ ಕಾಲುವೆಯಲ್ಲೂ ತಲೆಭಾಗದವರೇ ತಲೆಮಾರುಗಳಿಂದ ನೀರು ಹಿಡಿದಿದ್ದು ಕಾಣಲಿಲ್ಲ. ಅವರನ್ನು ಗೌರವಿಸುವವರೂ ಇದನ್ನು ಮುಚ್ಚಿಡಬೇಕಿಲ್ಲ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದಾಗ ಯುದ್ಧಕಾಲದ ಬೆಲೆ ಇಳಿದುಹೋಗಿತ್ತು. ಕಲ್ಲಿದ್ದಲಿನ ಬದಲು ಕಾಡಿನ ಸೌದೆಯ ಇದ್ದಿಲಿನಿಂದ ನಡೆಯುವ ಕುಲುಮೆ ಅದು. ಸೌದೆ, ಅದಿರು, ಇದ್ದಿಲು ಒಂದಕ್ಕೊಂದು ಹೊಂದಿ ಬರದಿದ್ದರೆ ಕುಲುಮೆಗೆ ಪೆಟ್ಟು. ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ವಿಶ್ವೇಶ್ವರಯ್ಯ ಖರ್ಚು ಇಳಿಸಿದರು, ಇಲ್ಲಿನ ಹುಡುಗರಿಗೇ ಕೆಲಸ ಕಲಿಸಿ ಹೊಣೆ ವಹಿಸಿದರು. ಆ ದುಡಿಮೆಗೆ ಬಂದ ಹಣವನ್ನು ಬೆಂಗಳೂರಿನಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಗೆ ಕೊಡಿಸಿದರು. 1934ರಲ್ಲಿ ಇಡೀ ದೇಶಕ್ಕೇ ಯೋಜಿತ ಆರ್ಥಿಕತೆಯ ಪುಸ್ತಕ ಬರೆದರು. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು.

ಈಗ ಕಾರ್ಖಾನೆಗಳಲ್ಲಿ ಫ್ಲೆಕ್ಸಿಬಲ್ ಅನ್ನೋದು ಮಂತ್ರ. ಆರ್ಡರ್ ಬದಲಾದ ಕ್ಷಣ ಪರದೆಯ ಮೇಲೆ ಹೊಸ ವೇಳಾಪಟ್ಟಿ ಮೂಡುತ್ತೆ. ಅದಕ್ಕೆ ಮೆಷಿನ್ನಿನ ಸರ್ವಿಸ್ ದಿನ ಗೊತ್ತು, ಸರಕಿನ ಲಾರಿ ಬರುವ ಹೊತ್ತು ಗೊತ್ತು. ಹೆಮ್ಮರಗಾಲದಂಥ ಊರಿಂದ ನಂಜನಗೂಡಿಗೆ ಕೆಲಸಕ್ಕೆ ಬರುವ ಗುತ್ತಿಗೆ ಹುಡುಗನ ಕೊನೇ ಬಸ್ಸಿನ ಹೊತ್ತು, ಮನೆಯ ಕಟಾವಿನ ದಿನ ಅದಕ್ಕೆ ಗೊತ್ತಾ? ಯಾರಾದರೂ ತುಂಬಿದರೆ ಮಾತ್ರ ಗೊತ್ತು. ನಾಳೆಯ ಶಿಫ್ಟು ಇವತ್ತು ರಾತ್ರಿ ತಿಳಿಯುವುದಾದರೆ ಬಾಗುತ್ತಿರೋದು ಯೋಜನೆಯಲ್ಲ, ಆ ಹುಡುಗನ ಬೆನ್ನು.

ಬ್ಲಾಕ್ ಪದ್ಧತಿ ನಿಂತಿದ್ದು ಸರದಿ ಮೊದಲೇ ರೈತನಿಗೆ ತಿಳಿಯುತ್ತಿದ್ದರಿಂದ. ಮಿಲ್ಲರ್ ಸಮಿತಿಯ ವಿಚಾರದಲ್ಲಿ ವಿಶ್ವೇಶ್ವರಯ್ಯ ಎಡವಿದ್ದು ಸರದಿಯಲ್ಲಿ ನಿಲ್ಲಲೂ ಜಾಗ ಸಿಗದವರನ್ನು ಲೆಕ್ಕಕ್ಕೆ ತಗೊಳ್ಳದೆ. ಕಾರ್ಖಾನೆಯ ಪರದೆಯಲ್ಲಿ ಹೊಸ ಕಾಲಂ ಸೇರಿಸುವವರು ಈ ಎರಡನ್ನೂ ಕಲಿಯಬೇಕು.