ಸರ್ ಜಾನ್ ಚಾರ್ನ್‌ಲಿ

ತೊಗರಿ ಕೊಯ್ಲಿನ ದಿನಗಳಲ್ಲಿ ನಮ್ಮ ಕೋಟನೂರಿನ ಹಾದಿಯಲ್ಲಿ ಕೋಲೂರಿಕೊಂಡು ಒಂದು ಮಗ್ಗುಲಿಗೆ ವಾಲುತ್ತ ನಡೆಯುವ ಮುದುಕರನ್ನು ಕಾಣುತ್ತೇವೆ. ಮುಪ್ಪಿನ ಟೊಂಕನೋವೆಂದು ಸುಮ್ಮನಾಗುತ್ತೇವೆ. ಆ ನೋವಿನಲ್ಲಿ ಭಾರ, ಘರ್ಷಣೆಗಳ ಲೆಕ್ಕವೂ ಅಡಗಿದೆಯೆಂದು ತಿಳಿದು ದುಡಿದವರು ಸರ್ ಜಾನ್ ಚಾರ್ನ್‌ಲಿಯವರು.

ಇವರು 1911ರಲ್ಲಿ ಇಂಗ್ಲೆಂಡಿನ ಬರಿ ಎಂಬ ಊರಿನಲ್ಲಿ ಜನಿಸಿದರು. ಮ್ಯಾಂಚೆಸ್ಟರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಎರಡನೆಯ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿ ಈಜಿಪ್ಟಿನಲ್ಲಿದ್ದರು.

ತೊಡೆಯೆಲುಬಿನ ಗುಂಡು ತಲೆಯು ಟೊಂಕದ ಬಟ್ಟಲಿನಲ್ಲಿ ತಿರುಗುತ್ತದೆ. ಎರಡಕ್ಕೂ ಮೃದ್ವಸ್ಥಿಯ ನುಣುಪು ಹೊದಿಕೆಯುಂಟು. ಒಂಟಿಕಾಲಿನಲ್ಲಿ ನಿಂತಾಗ ದೇಹವು ವಾಲದಂತೆ ಸ್ನಾಯುಗಳು ಜಗ್ಗುವುದರಿಂದ ಕೀಲಿನ ಮೇಲೆ ದೇಹದ ತೂಕದ ಎರಡೂವರೆ, ಮೂರು ಪಟ್ಟು ಭಾರ ಬೀಳುತ್ತದೆ. ಗುಂಡಿನ ಮತ್ತು ಬಟ್ಟಲಿನ ಆಕಾರಗಳು ಹೊಂದಿಕೊಂಡಿದ್ದರೆ ಆ ಭಾರವು ಹರಡುತ್ತದೆ. ಬಟ್ಟಲು ಆಳವಿಲ್ಲದಿದ್ದರೆ ಅಂಚಿನಲ್ಲಿಯೇ ಕೂಡಿಕೊಂಡು ಮೃದ್ವಸ್ಥಿಯನ್ನು ಸವೆಸುತ್ತದೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಯಲ್ಲಿ ಎಲುಬಿನ ಬೆಳವಣಿಗೆ ಕೆಟ್ಟು ಎಳೆಯರ ಟೊಂಕವೂ ಹಾಳಾಗುತ್ತದೆ.

ಕೃತಕ ಕೀಲು ಹಾಕಿಸಿಕೊಂಡ ಒಬ್ಬ ರೋಗಿಯು ಊಟದ ಮೇಜಿನ ಮೇಲೆ ಬಾಗಿದಾಗಲೆಲ್ಲ ಆ ಕೀಲು ಕಿರ್ರೆನ್ನುತ್ತಿತ್ತಂತೆ. ಚಾರ್ನ್‌ಲಿಯವರ ವಿಚಾರವು ಅಲ್ಲಿಂದಲೇ ಮೊದಲಾಯಿತು. ಅಳೆದು ನೋಡಲಾಗಿ ಮೃದ್ವಸ್ಥಿಯು ಮಂಜುಗಡ್ಡೆಗಿಂತಲೂ ಜಾರಾಗಿತ್ತು. ಆದುದರಿಂದ ಅವರು ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾರುಗುಣದ ಟೆಫ್ಲಾನಿನಿಂದ ಬಟ್ಟಲು ಮಾಡಿ ಸುಮಾರು 300 ಜನರಿಗೆ ಜೋಡಿಸಿದರು. ಮೊದಲು ಎಲ್ಲರೂ ನಡೆದಾಡಿದರು. ಎರಡು ಮೂರು ವರ್ಷಗಳಲ್ಲಿ ಟೆಫ್ಲಾನು ಸವೆದು, ಅದರ ಪುಡಿಯಿಂದ ಸುತ್ತಲಿನ ಮಾಂಸವೂ ಎಲುಬೂ ಕೆಟ್ಟವು. ಅವರು ಸೋಲನ್ನು ಮುಚ್ಚಿಡಲಿಲ್ಲ. ಅದೇ ರೋಗಿಗಳಿಗೆ ಮತ್ತೆ ಶಸ್ತ್ರಕ್ರಿಯೆ ಮಾಡಲು ನಿಂತರು.

1962ರಲ್ಲಿ ವ್ಯಾಪಾರಿಯೊಬ್ಬನು ಪಾಲಿಎಥಿಲೀನಿನ ತುಂಡೊಂದನ್ನು ತಂದನು. ಚಾರ್ನ್‌ಲಿಯವರು ಅದನ್ನು ಕಡೆಗಣಿಸಿದರು. ಅವರ ಕುಶಲಕರ್ಮಿ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಯಂತ್ರಕ್ಕೆ ಹಚ್ಚಿ ತಿಕ್ಕಿಸಿದನು. ಅದು ಸವೆಯಲೇ ಇಲ್ಲವೆನ್ನಬಹುದು. ಈ ಕೀರ್ತಿಯಲ್ಲಿ ಅವನಿಗೂ ಪಾಲುಂಟೆಂದು ನನಗೆ ತೋರುತ್ತದೆ. ಚಾರ್ನ್‌ಲಿಯವರು ಎರಡೂ ವಸ್ತುಗಳ ಪುಡಿಯನ್ನು ತಮ್ಮ ತೊಡೆಯಲ್ಲಿಯೇ ಸೇರಿಸಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನಿದ್ದಲ್ಲಿ ಗಂಟು ಎದ್ದಿತು, ಇನ್ನೊಂದರಲ್ಲಿ ಏಳಲಿಲ್ಲ. ಆ ವರ್ಷದ ನವೆಂಬರಿನಿಂದಲೇ ಹೊಸ ಬಟ್ಟಲು ಬಳಕೆಗೆ ಬಂದಿತ್ತು. ಲೋಹದ ಗುಂಡನ್ನು ಸುಮಾರು 22 ಮಿಲಿಮೀಟರಿಗೆ ಇಳಿಸಿದ್ದರು. ಗುಂಡು ಚಿಕ್ಕದಾದಷ್ಟೂ ಘರ್ಷಣೆಯು ಬಟ್ಟಲನ್ನು ತಿರುಚುವ ಬಲ ಕಡಿಮೆ.

1977ರಲ್ಲಿ ಸರ್ ಪದವಿ ಬಂದಿತು. 1982ರಲ್ಲಿ ತೀರಿಕೊಂಡರು. ತಮ್ಮ ಕಾಲಾನಂತರ ಆ ಕೀಲನ್ನು ಪರೀಕ್ಷೆಗೆ ಹಿಂದಿರುಗಿಸಬೇಕೆಂದು ಅವರು ರೋಗಿಗಳನ್ನು ಕೇಳಿಕೊಳ್ಳುತ್ತಿದ್ದರು. ಅನೇಕರು ಒಪ್ಪಿದ್ದರು.